ಸೊಲ್ಲಾಪುರದಲ್ಲಿ ನಾನು ನೇಯ್ದ ಸೆರಗು

ಹೊಟ್ಟೆಪಾಡಿಗಾಗಿ ಹುಟ್ಟಿದ ಊರನ್ನು ಬಿಡುವುದು ಸಕಲ ಜೀವಿಗಳಿಗೂ ಅನಾದಿಯಿಂದ ಬಂದ ಧರ್ಮ. ಹಕ್ಕಿಗಳೂ ಬಿಡುತ್ತವೆ. ಆದರೆ ಹೊರಡುವ ಮುನ್ನ ತನ್ನ ಗೂಡನ್ನು ಬಿಚ್ಚಿ, ಕಡ್ಡಿಗಳನ್ನು ಪಕ್ಕದ ಗಿಡದವರಿಗೆ ಕೊಟ್ಟು ಹೋದ ಹಕ್ಕಿಯನ್ನು ನಾನು ಕಂಡಿಲ್ಲ. ಹಕ್ಕಿಗಳು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತಿರುವುದಿಲ್ಲ. ನಾನು ಕೂತಿದ್ದೆ. ಪಾಸೂ ಆಗಿದ್ದೆ.

ನಮ್ಮದು ಗಜೇಂದ್ರಗಡದಲ್ಲಿ ಸೀರೆ ನೇಯುವ ಮನೆತನ. ನಡುಮನೆಯಲ್ಲಿ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅದರ ದಂಡೆಯ ಮೇಲೆ ಕೂತು ನೇಯಬೇಕು. ಆ ದಂಡೆ ಅಜ್ಜ ಕೂತು ಸವೆದು, ಅಪ್ಪ ಕೂತು ನುಣುಪಾಗಿ, ನನ್ನ ಪಾಲಿಗೆ ಬರುವ ಹೊತ್ತಿಗೆ ಅಳತೆ ಕೊಟ್ಟು ಮಾಡಿಸಿದಂತಿತ್ತು. ಇಷ್ಟು ಜನ ಇಷ್ಟು ವರ್ಷ ಕೂತು ಸಿದ್ಧಪಡಿಸಿದ ಆಸನವನ್ನು ಬಿಟ್ಟೇಳಬೇಕೆಂಬ ಜ್ಞಾನೋದಯ ವಂಶದಲ್ಲಿ ನನಗೊಬ್ಬನಿಗೇ ಆಯಿತು.

ಜ್ಞಾನೋದಯ ಮಾಡಿಸಿದವನು ಸವಡಿಯ ಸಂಗಪ್ಪ. ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದ ಅವನು ಸೂಟಿ ಪಡೆದು ಊರಿಗೆ ಬಂದಾಗ ಮುಂಗೈಗೆ ಗಡಿಯಾರ ಕಟ್ಟಿದ್ದ.

"ಅಲ್ಲಿ ಮಗ್ಗ ತಾನ ನೇಯ್ತೈತೋ ಮಾರಾಯಾ. ನೀ ಬಾಜೂಕ ನಿಂತು ನೋಡಿದ್ರ ಮುಗೀತು," ಎಂದ.

ನಿಂತು ನೋಡುವುದಕ್ಕೆ ಪಗಾರ ಕೊಡುತ್ತಾರೆಂದರೆ ಆ ಹುದ್ದೆಗೆ ನನ್ನಷ್ಟು ಯೋಗ್ಯನು ಈ ತಾಲೂಕಿನಲ್ಲಿ ಇನ್ನೊಬ್ಬನಿರಲಾರನೆಂದು ನನಗೆ ಖಾತ್ರಿಯಾಯಿತು.

ಹೆಂಡತಿ ಗಂಗವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. "ಹೋಗ್ರಿ, ಬ್ಯಾಡನ್ನಂಗಿಲ್ಲ. ಮಗ್ಗಾ ಮಾತ್ರ ಇರ್ಲಿ. ಕೆಲಸಾ ಗಟ್ಟಿ ಆದಮ್ಯಾಲೆ ಕುಣಿ ಮುಚ್ಚಿದ್ರಾತು. ಅದೇನು ನಿಮಗ ಅನ್ನಾ ಬೇಡ್ತೈತೇನು?"

"ಹಿಂದ ಬರೋ ದಾರಿ ಇಟ್ಟುಕೊಂಡು ಹೋದಾಂವ ಮುಂದ ಹೋಗಂಗಿಲ್ಲ," ಎಂದೆ. ಈ ಮಾತು ನನಗೇ ಎಷ್ಟು ಹಿಡಿಸಿತೆಂದರೆ, ಓಣಿಯಲ್ಲಿ ನಾಲ್ಕು ಮನೆಗೆ ಹೋಗಿ ಹೇಳಿಬಂದೆ.

"ಮುಂದ ಹೋಗಾಕ ಕಾಲು ಬೇಕ್ರಿ, ಮಾತಲ್ಲ," ಎಂದಳು ಗಂಗವ್ವ. ಅವಳು ಮುಲ್ಕಿ ಪಾಸಾದವಳಲ್ಲ.

ಮಗ್ಗವನ್ನು ಎದುರು ಮನೆಯ ಈರಪ್ಪನಿಗೆ ಮಾರಿದೆ. ಈರಪ್ಪ ಕುಳ್ಳ, ಅಲ್ಲಿಯವರೆಗೆ ಪರರ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದ ಬಡವ. ಬಂದದ್ದರಲ್ಲಿ ರೈಲಿನ ಟಿಕೀಟೂ ಒಂದು ಕರಿಯ ಕೋಟೂ ಆದವು. ಬರೀ ಮಾರಿ ಕೈತೊಳೆದುಕೊಳ್ಳುವುದು ದೊಡ್ಡವರ ಲಕ್ಷಣವಲ್ಲವೆಂದು, ಅವನ ಮನೆಯಲ್ಲಿ ಕುಣಿಯನ್ನೂ ನಾನೇ ತೋಡಿಕೊಟ್ಟೆ. ಅವನು ಒಳಗಿಳಿದು ಕಾಲು ಆಡಿಸಿ ನೋಡಿದ.

"ಸಾಕು ಬಿಡಣ್ಣಾ. ನನ್ನ ಕಾಲಿಗೆ ಬರೋಬ್ಬರಿ ಆತು."

ಸಾಕೆಂದರೆ ಸಾಕು ಎಂದು ಗುದ್ದಲಿ ಇಟ್ಟೆ. ಅಲ್ಲಿ ಬಂದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದು ನನ್ನ ಕುಣಿಗೆ ಸುರಿದು, ತುಳಿದು, ಮೇಲೆ ಸೆಗಣಿಯಿಂದ ಸಾರಿಸಿದೆ. ಮಣ್ಣು ಸ್ವಲ್ಪ ಕಡಿಮೆ ಬಿತ್ತು. ಹಿತ್ತಲಿನದು ನಾಲ್ಕು ಬುಟ್ಟಿ ತಂದು ಸರಿಮಾಡಿದೆ.

ಆಗ ನಮ್ಮೂರೂ ಸೊಲ್ಲಾಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಆದರೂ ಮಲ್ಲಾಪುರ ಸ್ಟೇಶನ್ನಿಗೆ ಚಕ್ಕಡಿ ಕಟ್ಟಿಕೊಂಡು ಹೊರಟಾಗ ನನ್ನ ಮುಖದ ಮೇಲೆ ವಿಲಾಯತಿಗೆ ಹೊರಟವನ ಗಾಂಭೀರ್ಯವಿತ್ತು ಎಂದು ಕಂಡವರು ಹೇಳುತ್ತಾರೆ.

ಸೊಲ್ಲಾಪುರದಲ್ಲಿ ಸಂಗಪ್ಪನದು ಚಾಳದಲ್ಲಿ ಒಂದು ಖೋಲಿ. ಅದರಲ್ಲಿ ಪಾಳಿಯ ಪ್ರಕಾರ ಮಲಗುವ ಏಳು ಮಂದಿ. ಗಡಿಯಾರ ಏಳೂ ಮಂದಿಗೆ ಸೇರಿದ್ದು. ಊರಿಗೆ ಹೋಗುವವನು ಕಟ್ಟಿಕೊಂಡು ಹೋಗುವುದು ಪದ್ಧತಿ ಎಂದು ಅಲ್ಲಿ ತಿಳಿಯಿತು.

ಕೆಲಸ ಸಿಗುವ ಬಗೆಯನ್ನೂ ಅವನೇ ವಿವರಿಸಿದ. ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ನಿಲ್ಲಬೇಕು. ಅಂದು ಬಾರದವರ ಜಾಗಕ್ಕೆ, ಅಂದಿನ ಮಟ್ಟಿಗೆ, ಮುಕಾದಮನು ಆಳು ಆರಿಸುತ್ತಾನೆ. ಅವರಿಗೆ ಬದಲಿ ಎಂದು ಹೆಸರು. ಕೈ ಹಿಡಿಸಿದರೆ ಬದಲಿಯು ಕಾಯಮ್ಮೂ ಆಗಬಹುದು.

ಮೊದಲ ದಿನ ಕರಿಯ ಕೋಟು ತೊಟ್ಟು, ರುಮಾಲು ಸುತ್ತಿ ಹೋದೆ. ಬಾಗಿಲ ಪಹರೆಯವನು ಸಲಾಮು ಹೊಡೆದು, ಗುಂಪನ್ನು ಸರಿಸಿ, ನನ್ನನ್ನು ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಕೂಡಿಸಿ ನೀರು ಕೊಟ್ಟ. ಹೊರಗೆ ಬಾಗಿಲಲ್ಲಿ ನೂಕಾಡುತ್ತಿದ್ದ ಬಡಪಾಯಿಗಳನ್ನು ಕಂಡು ನನಗೆ ಮರುಕ ಬಂತು. ಅವರಲ್ಲಿ ಹನ್ನೆರಡು ಮಂದಿಯನ್ನು ಮುಕಾದಮ ಆರಿಸಿಕೊಂಡು ಒಳಗೆ ಹೋದ. ಮಧ್ಯಾಹ್ನ ಒಬ್ಬ ಕಾರಕೂನ ಬಂದು, "ನೂಲಿನ ವ್ಯಾಪಾರಸ್ಥರೇನ್ರಿ?" ಎಂದು ವಿಚಾರಿಸಿದ.

"ಅಲ್ರಿ. ಬದಲಿ."

ಒಳಗೆ ಕರೆತಂದ ಪಹರೆಯವನೇ ಹೊರಗೂ ಬಿಟ್ಟುಬಂದ. ಈ ಸಲ ಕೋಟಿನ ಕಾಲರು ಅವನ ಕೈಯಲ್ಲಿತ್ತು.

"ಕೆಲಸಾ ಬೇಡಾಕ ಹೋಗೂಮುಂದ ಕೆಲಸಾ ಕೊಡಾವ್ರಂಗ ಹೋಗ್ತಾರೇನೋ ಹುಚ್ಚಪ್ಪಾ," ಎಂದ ಸಂಗಪ್ಪ.

ಮರುದಿನದಿಂದ ಬನಿಯನ್ನಿನಲ್ಲಿ ಹೋದೆ. ಎಂಟು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಒಂಬತ್ತನೆಯ ದಿನ ಯಾರಿಗೋ ಜ್ವರ ಬಂದ ಪುಣ್ಯ, ಮುಕಾದಮ ನನ್ನೆದುರು ನಿಂತ. ಅಕ್ಕಲಕೋಟೆ ಕಡೆಯವ, ಕನ್ನಡ ಬಲ್ಲವ.

"ನೇಯಾಕ ಬರ್ತೈತೇನು?"

"ಮೂರು ತಲಿಯಿಂದ ಬರ್ತೈತ್ರಿ."

"ನಿಮ್ಮಜ್ಜನ್ನ ಕೇಳಿಲ್ಲೋ. ನಿನಗ ಬರ್ತೈತೇನು?"

ಬರುತ್ತದೆಂದೆ. ಒಳಗೆ ಹೋದರೆ ನೂರಾರು ಮಗ್ಗ ಒಮ್ಮೆಲೇ ಬಡಿದುಕೊಳ್ಳುವ ಗದ್ದಲ. ನನ್ನ ಪಾಲಿಗೆ ಎರಡು ಮಗ್ಗ. ನಾನು ಸುತ್ತಲೂ ನೆಲ ನೋಡಿದೆ.

"ಏನ ಹುಡುಕ್ತಿ?"

"ಕುಣಿ ಎಲ್ಲೈತ್ರಿ?"

"ಸತ್ತಮ್ಯಾಲೆ ತೋಡ್ತಾರ. ಈಗ ನಿಂದರು."

ನಿಂತೆ. ಸಂಗಪ್ಪ ಸುಳ್ಳು ಹೇಳಿರಲಿಲ್ಲ. ಮಗ್ಗ ತಾನೇ ನೇಯುತ್ತಿತ್ತು. ಕಡಿದ ಎಳೆಗೆ ಗಂಟು ಹಾಕುವುದು, ಮುಗಿದ ಕಂಡಿಕೆ ಬದಲಿಸುವುದು ಇಷ್ಟೇ ಕೆಲಸ. ನನ್ನ ಗಂಟು ನೋಡಿ ಪಕ್ಕದ ಮಗ್ಗದ ಮುದುಕ ಹುಬ್ಬೇರಿಸಿದ. ಕಾಯಮ್ಮಾಗುವುದು ಇನ್ನು ನಾಳೆಯ ಮಾತು ಎಂದುಕೊಂಡೆ. ಗಂಗವ್ವನನ್ನು ಕರೆಸಿಕೊಳ್ಳಲು ಯಾವ ಚಾಳ ಅನುಕೂಲವೆಂದೂ ಯೋಚಿಸಿದೆ.

ಮಧ್ಯಾಹ್ನದ ಹೊತ್ತಿಗೆ ಮನಸ್ಸಿಗೆ ಕಸಿವಿಸಿ ಶುರುವಾಯಿತು. ಬಿಳಿಯ ಬಟ್ಟೆ ಬರುತ್ತಲೇ ಇತ್ತು. ನನ್ನ ಕಣ್ಣಿನ ಲೆಕ್ಕದಲ್ಲಿ ಹದಿನಾರು ಮೊಳ ಆಗಿಹೋಗಿತ್ತು. ಹದಿನಾರು ಮೊಳಕ್ಕೆ ಸೀರೆ ಮುಗಿಯುತ್ತದೆ. ಮುಗಿಯುವ ಮುನ್ನ ಸೆರಗು ಬರಬೇಕು. ಇಲ್ಲಿ ಸೆರಗಿನ ಸುಳಿವೇ ಇಲ್ಲ. ಜ್ವರದಲ್ಲಿ ಮಲಗಿದ ಆ ಪುಣ್ಯಾತ್ಮ ನಾಳೆ ಬಂದು, "ಸೆರಗು ಬಿಟ್ಟು ನೇಯ್ದ ಮೂಳ ಯಾರು?" ಎಂದರೆ ಗಜೇಂದ್ರಗಡದ ಮರ್ಯಾದೆ ಏನಾಗಬೇಕು? ಯಾರನ್ನಾದರೂ ಕೇಳಬಹುದಿತ್ತು. ಆದರೆ ಮೂರು ತಲೆಮಾರಿನ ನೇಕಾರನು ಸೆರಗಿನ ವಿಷಯ ಪರರನ್ನು ಕೇಳುವುದೇ?

ಪಕ್ಕದ ಮುದುಕ ಕೆಂಪು ಪಟ್ಟೆಯ ಟವೆಲು ನೇಯುತ್ತಿದ್ದ. ಅವನ ಬುಟ್ಟಿಯಲ್ಲಿ ಕೆಂಪು ನೂಲಿನ ಕಂಡಿಕೆಗಳಿದ್ದವು. ಅವನು ಅತ್ತ ತಿರುಗಿದಾಗ ನಾಲ್ಕು ತೆಗೆದುಕೊಂಡೆ. ಮಗ್ಗ ನಿಲ್ಲಿಸಿ, ಲಾಳಿಗೆ ಕೆಂಪು ಹಾಕಿ, ಒಂದೂವರೆ ಮೊಳ ಸೆರಗು ನೇಯ್ದೆ. ನಡುನಡುವೆ ಬಿಳಿಯ ಗೆರೆ ಕೊಟ್ಟೆ. ಅದನ್ನು ಕೇಳಿದವರಿಲ್ಲ; ಆದರೂ ಕೊಟ್ಟೆ. ಆ ದಿನ ಸೊಲ್ಲಾಪುರದಲ್ಲಿ ನಾನು ಖುಷಿಯಾಗಿದ್ದದ್ದು ಆ ಅರ್ಧ ತಾಸು ಮಾತ್ರ.

ಸೆರಗು ಮುಗಿದಾಗ ಮಗ್ಗ ನಿಲ್ಲಿಸಿ, ಕಣ್ಣು ಮುಚ್ಚಿ ಕೈಮುಗಿಯುವುದು ನಮ್ಮ ಮನೆಯ ರೂಢಿ. ಮುಗಿದೆ. ಕಣ್ಣು ತೆರೆದಾಗ ಎರಡನೆಯ ಮಗ್ಗದ ಬಟ್ಟೆಯಲ್ಲಿ ಎಳೆ ಕಡಿದು, ಬೆಕ್ಕು ಹಾಯುವಷ್ಟು ಕಿಂಡಿ ಬಿದ್ದಿತ್ತು. ಅದರ ಮುಂದೆ ಮುಕಾದಮ ನಿಂತಿದ್ದ. ಆದರೆ ಅವನು ನೋಡುತ್ತಿದ್ದದ್ದು ಕಿಂಡಿಯನ್ನಲ್ಲ.

"ಏನಿದು?"

"ಸೆರಗ್ರಿ."

"ಯಾವುದರ ಸೆರಗು?"

ಸೀರೆಯದು ಎನ್ನುವಷ್ಟರಲ್ಲಿ ಮುಕಾದಮನೇ ಮುಂದುವರಿಸಿದ.

"ಇದು ಅಂಗಿಗೆ, ಗಾದಿಗೆ, ಹೆಣಕ್ಕ, ಎಲ್ಲಾದಕ್ಕೂ ಹೋಗೋ ಬಟ್ಟಿ. ಇದಕ್ಕ ಮೊದಲಿಲ್ಲ, ಕಡೀ ಇಲ್ಲ. ನಡುವ ಸೆರಗು ಹಾಕೀಯಲ್ಲ, ಯಾರು ಹೊದೀಬೇಕೋ?"

ಪಕ್ಕದ ಮುದುಕ ಬಂದು ಹೆಬ್ಬೆರಳಿನಿಂದ ಸೆರಗನ್ನು ಸವರಿದ. "ಕೈ ಭಾಳ ಚಲೋ ಐತಿ ಇವಂದು," ಎಂದ.

"ಇಲ್ಲಿ ಕೈ ಯಾರಿಗೆ ಬೇಕಾಗೈತಿ?" ಎಂದ ಮುಕಾದಮ. ಕತ್ತರಿ ತರಿಸಿ ಆ ತುಂಡನ್ನು ಕತ್ತರಿಸಿ, ಅಂದಿನ ಪಗಾರದ ಬದಲು ನನ್ನ ಹೆಗಲ ಮೇಲೆ ಹಾಕಿದ. ಮರುದಿನ ಪಹರೆಯವನು ನನ್ನನ್ನು ದೂರದಿಂದಲೇ ಗುರುತಿಸಿದ. ಕರಿಯ ಕೋಟು ಮಾರಿ ಊರಿಗೆ ಟಿಕೀಟು ತೆಗೆದೆ.

ನಮ್ಮ ಓಣಿಗೆ ಕಾಲಿಟ್ಟಾಗ ನನ್ನ ಮಗ್ಗದ ಸಪ್ಪಳ ಕೇಳಿಸಿತು. ಎಡಗಡೆಯ ಮನೆಯಿಂದ ಬರಬೇಕಾದದ್ದು ಬಲಗಡೆಯಿಂದ ಬರುತ್ತಿತ್ತು. ಈರಪ್ಪ ನೇಯುತ್ತಿದ್ದ, ಗಂಗವ್ವ ಅವನ ಪಡಸಾಲೆಯಲ್ಲಿ ಕೂತು ಕೂಲಿಗೆ ಕಂಡಿಕೆ ಸುತ್ತುತ್ತಿದ್ದಳು. ನನ್ನನ್ನು ನೋಡಿದಳು, ಹೆಗಲ ಮೇಲಿನ ತುಂಡನ್ನು ನೋಡಿದಳು, ಬೆರಳಿನಿಂದ ಹಿಡಿದು ನೋಡಿದಳು.

"ಸೆರಗು ಚಲೋ ಬಂದೈತಿ," ಎಂದಳು. ಆಮೇಲೆ ಕೇಳಿದಳು, "ಉಳಿದ ಸೀರಿ ಎಲ್ಲೈತ್ರಿ?"

ನಾಲ್ಕು ದಿನ ಬಿಟ್ಟು ಈರಪ್ಪನಿಗೆ ಮಗ್ಗದ ಮಾತು ತೆಗೆದೆ. ದುಡಿದು ತೀರಿಸುತ್ತೇನೆ, ತಿರುಗಿ ಕೊಡು ಎಂದೆ. ಅವನು ತಲೆ ತಗ್ಗಿಸಿ ಲಾಳಿಯನ್ನು ಒರೆಸಿದ.

"ಅಣ್ಣಾ, ಹಿಂದ ಬರೋ ದಾರಿ ಇಟ್ಟುಕೊಂಡ್ರ ಮುಂದ ಹೋಗಂಗಿಲ್ಲ ಅಂತ ನೀನ ನನಗ ಹೇಳಿದ್ದಿ. ನಾ ಮುಂದ ಹೊಂಟೀನಿ. ಇನ್ನೊಂದು ಮಗ್ಗಾ ಹಾಕಾಂವ ಅದೀನಿ. ಇದ್ರಾಗ ಕೂಲಿಗೆ ನೀ ಕುಂದ್ರು. ಹೊರಗಿನವ್ರಿಗೆ ಕೊಡಾಕ ನನಗ ಮನಸಿಲ್ಲ."

ಇದಾಗಿ ಮೂರು ವರ್ಷವಾಯಿತು. ಈರಪ್ಪನ ಮನೆಯಲ್ಲಿ, ನಮ್ಮಜ್ಜನ ಮಗ್ಗದಲ್ಲಿ, ನಾನು ತೋಡಿದ ಕುಣಿಯಲ್ಲಿ ಕಾಲಿಟ್ಟು ಕೂಲಿಗೆ ನೇಯುತ್ತಿದ್ದೇನೆ. ಕುಣಿ ನನಗೆ ಎರಡು ಬೆರಳು ಆಳ ಸಾಲದು.