ಅವ್ವನ ಮೂಗಿಗೆ ಕಟ್ಟಿನ ಸಾರು

ನಮ್ಮ ಮನ್ಯಾಗ ಅಳೂ ಹೊತ್ತಿಗೇ ಏನರ ಒಂದು ಆಗಿ ನಗು ಬಂದಬಿಡ್ತೈತಿ. ಆಗ ಎಲ್ಲಾರೂ ನನ್ನ ಕಡೆ ನೋಡ್ತಾರ. ಹತ್ತನೇ ಕ್ಲಾಸ್ ನಪಾಸಾಗಿ ಮನ್ಯಾಗ ಕುಂತಾಂವ ನಾನ ಅಲ್ಲೇನು, ಅದಕ್ಕ. ಆದ್ರ ಈ ಸಲ ನಾ ಏನೂ ಕಿತಾಪತಿ ಮಾಡಿಲ್ಲ. ಸಾರು ಮಾಡೀನಿ, ಅಷ್ಟ.

ಹುಬ್ಬಳ್ಳ್ಯಾಗ ಅವ್ವನ ಗಂಟಲ ಆಪರೇಶನ್ ಆತು. ದನಿ ಹೋತು. ನುಂಗಾಕ ಬರೂದಿಲ್ಲಂತ ಮೂಗಿನ್ಯಾಗ ಸಣ್ಣ ನಳಿಗಿ ಹಾಕ್ಯಾರ. ಹೊಟ್ಟಿಗೆ ಹೋಗೂದೆಲ್ಲಾ ಅದರಾಗಿಂದನ. ಜಕ್ಕಲಿ ಊರಿಗೆಲ್ಲಾ ಕೇಳೂವಂಗ ನನ್ನ ಬೈತಿದ್ದಾಕಿ ಈಗ ಗ್ವಾಡಿ ಕಡೆ ಮಾರಿ ಮಾಡಿ ಮಲಗತಾಳ. ಹಾಲಿನ ಪುಡಿ ಕಲಸಿ ತಂದ್ರ ನಳಿಗಿ ಮುಷ್ಟ್ಯಾಗ ಬಿಗಿ ಹಿಡಕೊಂಡು ಬಿಡ್ತಾಳ. ದಿನಾ ಸೊರಗಾಕತ್ತಾಳ. ಆ ಮುಷ್ಟಿ ಬಿಡಸೂದು ನಂದೂ ನಮ್ಮಪ್ಪಂದೂ ಕೆಲಸ.

೧. ಉಳದದ್ದೇನು?

ಹೋಳಗಿಗೆ ಬ್ಯಾಳಿ ಕುದಿಸಿ ಬಸದ ನೀರಿನ್ಯಾಗ ಅವ್ವ ಮಾಡೂ ಕಟ್ಟಿನ ಸಾರು ಅಂದ್ರ ನಮ್ಮ ಮನ್ಯಾಗ ಹೋಳಗಿನೂ ಮರೀತಿದ್ವಿ. ಅದನ್ನ ಅಕಿಗೇ ಮಾಡಿ ಹಾಕೂನಂತ ರೋಣದ ದವಾಖಾನಿ ನರ್ಸಕ್ಕನ ಕೇಳಿದೆ.

"ಹಾಕ್ರಿ. ಆದ್ರ ಖಾರ ಬ್ಯಾಡ."

"ಆತ್ರಿ."

"ಹುಣಸಿಹುಳಿ ಬ್ಯಾಡ. ಮಸಾಲಿ ಬ್ಯಾಡ. ಕೊಬ್ಬರಿ ಬ್ಯಾಡ."

"ಮತ್ತ ಉಳಿಯೂದೇನ್ರಿ ಅಕ್ಕಾರ?"

"ಬ್ಯಾಳಿ ನೀರು. ಚಿಟಿಕಿ ಅರಿಷಿಣ, ಚೂರು ಉಪ್ಪು. ಎರಡು ಸಲ ಸೋಸಬೇಕು."

"ಅದಕ್ಕ ಸಾರು ಅಂತಾರೇನ್ರಿ?"

"ನೀ ಏನರ ಅನ್ನು. ಅವರ ಹೊಟ್ಟಿಗೆ ಹೋಗಬೇಕು. ಇಲ್ಲಂದ್ರ ಕಠಿಣ ಐತಿ."

ಅಪ್ಪ ಹಿಂದ ನಿಂತು ಪ್ರತಿ ಮಾತಿಗೂ "ಹೌದ್ರಿ, ಹೌದ್ರಿ" ಅಂದ. ಹೊರಗ ಬಂದು ಚಪ್ಪಲಿ ಮೆಟ್ಟಿಕೋಂತ ಕೇಳಿದ, "ಏನಂದ್ರಲೇ?"

೨. ಸೋಸೂ ಅರಿವಿ

ಚಾ ಸೋಸೂ ಜಾಲರಿ ಉಪಯೋಗಕ್ಕ ಬರಲಿಲ್ಲ. ಬ್ಯಾಳಿ ಚೂರು ಇಳದಬಿಡ್ತಿದ್ವು. ಟ್ರಂಕಿನ್ಯಾಗ ಬೆಳ್ಳನ, ಮೆತ್ತನ ಅರಿವಿ ಸಿಕ್ತು. ಅದರಾಗ ಸೋಸಿದೆ, ಹಿಂಡಿ ಒಣಗಿಸಿ ಅಲ್ಲೇ ಮಡಚಿಟ್ಟೆ. ಅದು ಅಪ್ಪನ ಧೋತರ.

ಮುಂದಿನ ವಾರ ನರಗುಂದದಾಗ ಬೀಗರ ಪೈಕಿ ಒಬ್ಬರ ಮಣ್ಣಿಗೆ ಹೋಗಬೇಕಾತು. ಅಪ್ಪ ಗಡಿಬಿಡ್ಯಾಗ ಅದನ್ನ ಉಟ್ಟು ಹೋದ. ಹೆಣದ ಮುಂದ ಕುಂತಾಗ ಬಾಜೂ ಇದ್ದ ಮುದುಕಪ್ಪ ಕೇಳಿದ್ನಂತ, "ಧೋತರದ ತುಂಬ ಅರಿಷಿಣ ಐತೆಲ್ಲೋ ತಮ್ಮಾ? ಮದಿವಿ ಮುಗಿಸಿಕೊಂಡು ಇಲ್ಲಿಗೆ ಬಂದಿಯೇನು?"

ಅಪ್ಪ, "ಹೌದ್ರಿ."

ಮನಿಗೆ ಬಂದು ಇದನ್ನ ಹೇಳಿದಾಗ ಅವ್ವನ ಹೆಗಲು ಕುಣದ್ವು. ದನಿ ಇಲ್ಲದ ನಗಿ ನಾ ಅವತ್ತ ಮೊದಲ ನೋಡಿದ್ದು. ಇದ ಹೊತ್ತಂತ ಓಡಿಹೋಗಿ ಸಾರು ತಂದೆ. ನಕ್ಕೋಂತನ ನಳಿಗಿ ಬಿಗಿ ಹಿಡದ್ಲು.

೩. ಖಾಲಿ ಹೊಳ್ಳಿ

ನಾಲಿಗಿ ತೋರಿಸಿ ಕೈ ಅಲ್ಲಾಡಸ್ತಿದ್ಲು. ರುಚಿ ಇಲ್ಲ ಅಂತ. ಖರೇನ ಐತಿ, ನಾಲಿಗಿ ಮುಟ್ಟದ ಸಾರಿಗೆ ರುಚಿ ಎಲ್ಲಿಂದ ಬರಬೇಕು? ಆದ್ರ ಮೂಗಿನ ಒಂದು ಹೊಳ್ಳಿ ಖಾಲಿ ಇತ್ತಲ್ಲ! ಸ್ಟೋವ್ ಮಂಚದ ಬಾಜೂಕ ತಂದಿಟ್ಟು, ನಾವಿಬ್ಬರು ಉಣ್ಣೂ ಸಾರಿಗೆ ಅಲ್ಲೇ ಒಗ್ಗರಣಿ ಕೊಟ್ಟೆ. ಸಾಸ್ವಿ ಚಟಚಟ ಅಂದಾಗ ಅವ್ವ ನಮ್ಮ ಕಡೆ ಹೊರಳಿದ್ಲು. ಎಷ್ಟೋ ದಿನದ ಮ್ಯಾಲ ಹೊರಳಿದ್ದು. ಹುರುಪಿನ್ಯಾಗ ಒಣ ಮೆಣಸಿನಕಾಯಿ ಒಂದು ಮುಷ್ಟಿ ಒಗದೆ. ಘಾಟಿಗೆ ಅಪ್ಪ ಸೀನಿದ, ನಾ ಸೀನಿದೆ, ಅವ್ವನೂ ಸೀನಿದ್ಲು. ನಳಿಗಿ ಹೊರಗ ಬಂತು.

ಜೀವಾ ಕೈಯಾಗ ಹಿಡಕೊಂಡು ರೋಣಕ್ಕ ಓಡಿದ್ವಿ.

"ಹ್ಯಾಂಗ ಬಂತ್ರಿ ಇದು?" ಅಂದ್ಲು ನರ್ಸಕ್ಕ.

"ಒಗ್ಗರಣಿ ಹಾಕಿದ್ವಿರಿ," ಅಂದ ಅಪ್ಪ.

"ಮೂಗಿಗೇನು?"

"ಹೌದ್ರಿ."

೪. ಸಾರಿಗೆ ಬೈಗುಳ

ಹೊಸ ನಳಿಗಿ ಹಾಕಿದ್ರು. ಡಾಕ್ಟರ್ ನಮ್ಮಿಬ್ಬರನ್ನೂ ಆ ಕಡೆ ಕರದು ಸಣ್ಣ ದನ್ಯಾಗ ಏನೇನೋ ಹೇಳಿದ್ರು. ಹೊರಗ ಬಂದ ಮ್ಯಾಲ ಅಪ್ಪ, ಏನಂದ್ರಲೇ ಅಂತ ಕೇಳಲಿಲ್ಲ.

ಮನ್ಯಾಗ ಮೆಣಸಿನಕಾಯಿ ಬಿಟ್ಟು ಒಗ್ಗರಣಿ ಕೊಟ್ಟೆ. ಅವ್ವ ವಾಸನಿ ಎಳಕೊಂಡ್ಲು, ಮುಷ್ಟಿ ಮಾತ್ರ ಬಿಡಲಿಲ್ಲ. ಅಪ್ಪನ ಗಂಗಾಳಕ್ಕ ಬೆರಳು ಮಾಡಿದ್ಲು, ನೀ ಉಣ್ಣು ಅಂತ. ಅಪ್ಪ ಉಣ್ಣಾಕತ್ತ. ಅಕಿ ಅಂವನ ಮಾರೀನ ನೋಡಾಕತ್ತಿದ್ಲು.

"ಹ್ಯಾಂಗಾಗೇತಿ ಯಪ್ಪಾ?" ಅಂದೆ.

ಅಪ್ಪ ಅಕಿನ್ನ ನೋಡಿದ. "ನಿಮ್ಮವ್ವನ ಕೈಗುಣ ನಿನಗ ಬರೂದಿಲ್ಲ ಬಿಡಲೇ," ಅಂದ.

ಅವ್ವ ಮುಷ್ಟಿ ಬಿಟ್ಲು.

ಅವತ್ತಿಂದ ಇದ ಪದ್ಧತಿ. ಅಪ್ಪ ನನ್ನ ಸಾರು ಬೈಬೇಕು, ಆಮ್ಯಾಲ ಅವ್ವ ಉಣ್ಣಬೇಕು. ಮೊನ್ನೆ ಅಪ್ಪ ಗಜೇಂದ್ರಗಡದ ಸಂತಿ ಮುಗಿಸಿ ಹಸದು ಬಂದಿದ್ದ. ರೊಟ್ಟಿ ಮುರದು ಸಾರಿನ್ಯಾಗ ಅದ್ದಿ ಬಾಯಿಗಿಟ್ಟವನ, "ಆಹಾ! ಭಾಳ ಚಲೋ ಆಗೇತಿ!" ಅಂದಬಿಟ್ಟ.

ಅವ್ವನ ಮುಷ್ಟಿ ಟಪ್ಪನ ಬಿಗೀತು. ನಾ ಅಪ್ಪನ ತೊಡಿ ಚೂಟಿದೆ.

"ಅಲ್ಲಲ್ಲಲ್ಲ!" ಅಂದ ಅಪ್ಪ, ಗಾಬರಿಯಾಗಿ. "ಹೊಲಸ ಆಗೇತಿ! ದನಾ ಸೈತ ಮೂಸೂದಿಲ್ಲ!"

ಮುಷ್ಟಿ ಸಡಲಾತು. ನಾ ಹಗೂರಕ ನಳಿಗ್ಯಾಗ ಸಾರು ಬಿಡಾಕತ್ತೆ. ಹಿಂದಿಂದ ಅಪ್ಪ ಖಾಲಿ ಗಂಗಾಳ ಮುಂದ ಚಾಚಿದ:

"ಥೂ! ಮನಶ್ಯಾರು ಉಣ್ಣೂ ಸಾರೇನಲೇ ಇದು! ಇನ್ನೊಂದು ಸೌಟು ಹಾಕು."