ತಪ್ಪು ನಮ್ಮದೇ, ದಯವಿಟ್ಟು ಕಾಯಿರಿ

ತನ್ನ ಮಾತು ಮನೆಯಲ್ಲಿ ನಡೆಯುವುದಿಲ್ಲ ಎಂಬುದು ದನಿಯಪ್ಪನ ಬಹುಕಾಲದ ದೂರು. ಹೊರಗೆ ಮಾತ್ರ ಅವನ ಮಾತು ನಡೆಯುವುದಷ್ಟೇ ಅಲ್ಲ, ಹತ್ತಿ ಇಳಿಯುತ್ತಲೂ ಇತ್ತು. ದೊಡ್ಡಾಸ್ಪತ್ರೆಯ ಲಿಫ್ಟಿನಲ್ಲಿ "ಬಾಗಿಲು ಮುಚ್ಚುತ್ತಿದೆ, ಎಚ್ಚರಿಕೆ" ಎನ್ನುವ ಗಂಭೀರ ಕಂಠ ಅವನದೇ. ಆಗ ತಾನೇ ಹುಟ್ಟಿದ ಕೂಸಿಗೂ ಆಗ ತಾನೇ ಹೊರಟ ಹೆಣಕ್ಕೂ ಒಂದೇ ಅಕ್ಕರೆಯಿಂದ ಎಚ್ಚರಿಕೆ ಹೇಳುವ ಆ ದನಿಯಿಂದಾಗಿಯೇ ಬೀದಿಯವರು ಅವನನ್ನು ದನಿಯಪ್ಪ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹೆಂಡತಿಗೂ ಮರೆತುಹೋದಂತಿತ್ತು. ಆಕೆಗೆ ಅವನು ಬರೀ "ರೀ".

ದನಿ ಕೊಡುವ ಕಸುಬು ಬಿಡಿ ಕೆಲಸದ್ದು. ಇವತ್ತು ಕೆಮ್ಮಿನ ಔಷಧಿಯ ಜಾಹೀರಾತು, ನಾಳೆ ಹಾಸಿಗೆ ಅಂಗಡಿಯದು, ನಾಡಿದ್ದು ಏನೂ ಇಲ್ಲ, ಬರೀ ಕೆಮ್ಮು. ಹೀಗಿರುವಾಗ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಅವನಿಗೆ ಜ್ಞಾನೋದಯವಾಯಿತು. ಬಾಯಿ ತೊಳೆಯುವುದಕ್ಕೂ ಪುರುಸೊತ್ತಿಲ್ಲದೆ ಅಡುಗೆಮನೆಗೆ ಬಂದ.

"ನೋಡೇ, ಬಿಡಿ ಕೆಲಸ ಮಾಡಿಕೊಂಡಿದ್ರೆ ಬಾಳೂ ಬಿಡಿಬಿಡಿಯಾಗಿಯೇ ಇರುತ್ತೆ. ನಾನೊಂದು ಬಳ್ಳಿ. ಬಳ್ಳಿಗೆ ಮರ ಬೇಕು. ಮರ ಅಂದ್ರೆ ಬೇರು ಬಿಟ್ಟ ಹಳೇ ಕಂಪನಿ. ಅದರ ಜೊತೆ ಪಾಲುದಾರಿಕೆ ಮಾಡ್ಕೊಂಡ್ರೆ..."

"ಬಳ್ಳಿ ಆಗೋಕೆ ಮೊದಲು ಆ ಹೊಟ್ಟೆ ಇಳಿಸಿ," ಎಂದಳು ಹೆಂಡತಿ. "ಮರ ಬಿದ್ದೀತು."

ಬಟ್ಟೆ ಒಗೆಯುವ ಮಷೀನು ಮಾಡುವ ಹಳೆಯ ಕಂಪನಿಯೊಂದು ಸಿಕ್ಕಿತು. ಆದರೆ ಪಾಲುದಾರನಿಗೆ ಸ್ವಂತ ಸ್ಟುಡಿಯೋ ಇರಬೇಕೆಂದು ಅವರು ಹೇಳಿದರು. ಮನೆಯಲ್ಲಿ ಬೀದಿಯ ಗದ್ದಲ ತಾಕದ ಕೋಣೆ ಒಂದೇ ಒಂದು, ಹೆಂಡತಿಯ ಹೊಲಿಗೆ ಕೋಣೆ. ಆಕೆ ಅಲ್ಲಿ ಕೂತು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು, ಕಿಟಕಿ ಪರದೆಗಳಿಗೆ ಅಂಚು ಕಟ್ಟುತ್ತಿದ್ದಳು, ದಪ್ಪಗಾದವರ ಬಟ್ಟೆ ಸಡಿಲಿಸಿ ಅವರ ಮಾನ ಕಾಯುತ್ತಿದ್ದಳು. ಗಿರಾಕಿಗಳು ಬಟ್ಟೆಯ ಜೊತೆ ಕಷ್ಟಸುಖವನ್ನೂ ಬಿಚ್ಚಿಟ್ಟು ಹೋಗುತ್ತಿದ್ದರು.

"ಸ್ವಲ್ಪ ದಿನದ ಮಾತು," ಎಂದ ದನಿಯಪ್ಪ. ಹೊಲಿಗೆ ಮಷೀನನ್ನು ಮೆಟ್ಟಿಲ ಕೆಳಗೆ ತಳ್ಳಿ ಮೇಲೊಂದು ಹಳೇ ಹೊದಿಕೆ ಹಾಕಿದ. ಕೋಣೆಯ ಗೋಡೆಗೆಲ್ಲ ಹಾಸಿಗೆ ಬಡಿದ. ಬಾಗಿಲ ಮೇಲೆ ಕೆಂಪು ದೀಪ ತೂಗುಹಾಕಿದ. ಅದು ಉರಿಯುತ್ತಿರುವಾಗ ಮನೆಯಲ್ಲಿ ಹೊಲಿಗೆಯ ಟಕಟಕ ಕೂಡದು. (ಆ ದೀಪ ಸದಾ ಉರಿಯುತ್ತಿತ್ತು. ದನಿಯಪ್ಪ ಒಳಗೆ ನಿದ್ದೆ ಮಾಡುವಾಗಲೂ.) ಗಿರಾಕಿಗಳು ಒಬ್ಬೊಬ್ಬರಾಗಿ ಬೀದಿ ಕೊನೆಯ ದರ್ಜಿಯ ಕಡೆ ತಿರುಗಿದರು. ಹೆಂಡತಿ ಏನೂ ಅನ್ನಲಿಲ್ಲ. ಆಕೆ ಏನೂ ಅನ್ನದಿದ್ದಾಗಲೆಲ್ಲ ಅದನ್ನು ಒಪ್ಪಿಗೆ ಎಂದುಕೊಳ್ಳುವುದು ದನಿಯಪ್ಪ ಸಂಸಾರದಲ್ಲಿ ಕರಗತ ಮಾಡಿಕೊಂಡಿದ್ದ ವಿದ್ಯೆ.

ಕಂಪನಿಯ ಅಧಿಕಾರಿ ಬಂದರು. ಟೈ ಕಟ್ಟಿದ, ಸದಾ ಬಳಲಿದಂತಿದ್ದ ಮನುಷ್ಯ. ದೂರು ಹೇಳಲು ಫೋನ್ ಮಾಡುವವರ ಸಿಟ್ಟು ಇಳಿಸಿ, ಸಾಲಿನಲ್ಲಿ ಕಾಯುವಂತೆ ಮಾಡುವ ದನಿ ಅವರಿಗೆ ಬೇಕಿತ್ತು. ದನಿಯಪ್ಪ ಮೈಕಿನ ಮುಂದೆ ಕೂತು ಕಣ್ಣು ಮುಚ್ಚಿ ಓದಿದ:

"ನಮಸ್ಕಾರ. ನಿಮಗಾದ ನೋವು ನಮಗೆ ಅರ್ಥವಾಗುತ್ತದೆ. ತಪ್ಪು ನಮ್ಮದೇ. ಮನಸಾರೆ ಕ್ಷಮೆ ಕೇಳುತ್ತೇವೆ. ದಯವಿಟ್ಟು ಕಾಯಿರಿ."

ಒಂದೇ ಸಲಕ್ಕೆ ಸರಿಯಾಗಿ ಬಂತು. ಅಧಿಕಾರಿ ಕಣ್ಣೊರೆಸಿಕೊಂಡರು. "ಏನು ಪಶ್ಚಾತ್ತಾಪ ಸ್ವಾಮೀ! ಇದನ್ನ ನನ್ನ ಹೆಂಡತಿಗೆ ಕೇಳಿಸಬೇಕು, ನಾನೇ ಹೇಳಿದ್ದು ಅಂತ." ದನಿಯಪ್ಪ ಹೊಟ್ಟೆ ಕುಣಿಯುವಂತೆ ನಕ್ಕ. ತನಗೂ ಒಬ್ಬಳು ಹೆಂಡತಿ ಇದ್ದಾಳೆಂಬುದು ಆ ನಗೆಯಲ್ಲಿ ಅವನಿಗೆ ಹೊಳೆಯಲಿಲ್ಲ.

ಮೊದಲು ಈ ಬಡಾವಣೆಯ ದೂರಿನ ಲೈನಿಗೆ ಮಾತ್ರ ಆ ದನಿ ಹಾಕಿ ನೋಡುವುದು, ಜನ ಒಪ್ಪಿದರೆ ಎಲ್ಲ ಊರುಗಳಿಗೂ, ಕಾಯಂ ಪಾಲುದಾರಿಕೆ ಎಂದು ಮಾತಾಯಿತು. ಸದ್ಯಕ್ಕೆ ಪ್ರೀತಿಯ ಕಾಣಿಕೆಯಾಗಿ ಕಂಪನಿಯ ಬಟ್ಟೆ ಒಗೆಯುವ ಮಷೀನೊಂದು ಮನೆಗೆ ಬಂತು. ಗಂಟಲು ಇನ್ನು ಕಂಪನಿಯ ಸೊತ್ತು ಎಂದು ದನಿಯಪ್ಪ ಮನೆಯಲ್ಲಿ ಮಾತಾಡುವುದನ್ನೇ ಬಿಟ್ಟ. ನೀರು ಬೇಕಾದರೆ ಹೆಬ್ಬೆರಳು ತೋರಿಸುತ್ತಿದ್ದ, ಊಟ ಬೇಕಾದರೆ ಹೊಟ್ಟೆ.

ಕಾಣಿಕೆಯ ಮಷೀನು ಕೆಲವೇ ದಿನಗಳಲ್ಲಿ ಹೊಟ್ಟೆ ತುಂಬ ನೀರು ಕುಡಿದು, ಒಮ್ಮೆ ನರಳಿ, ನಿಂತುಹೋಯಿತು. ಹೆಂಡತಿ ಕಲ್ಲಿನ ಮೇಲೆ ಬಟ್ಟೆ ಕುಕ್ಕುವುದನ್ನು ಕಂಡು ದನಿಯಪ್ಪ ಮೌನ ಮುರಿದ.

"ಕಂಪನಿಗೆ ಫೋನ್ ಮಾಡ್ಲಿಲ್ವಾ?"

"ಮಾಡ್ತಾನೇ ಇದೀನಿ."

"ಏನಂದ್ರು?"

"ಕಾಯಿರಿ ಅಂದ್ರು."

ಆಮೇಲೆ ದನಿಯಪ್ಪನ ಗಮನಕ್ಕೆ ವಿಚಿತ್ರವೊಂದು ಬರತೊಡಗಿತು. ಮಧ್ಯಾಹ್ನ ಊಟವಾದ ಮೇಲೆ ಹೆಂಡತಿ ಫೋನ್ ಹಿಡಿದು ಮೆಟ್ಟಿಲ ಕೆಳಗೆ, ಹೊದಿಕೆ ಹೊದ್ದ ಹೊಲಿಗೆ ಮಷೀನಿನ ಪಕ್ಕ ಕೂರುತ್ತಿದ್ದಳು. ಕಣ್ಣು ತೇವವಾಗಿರುತ್ತಿತ್ತು. ಇವನ ಹೆಜ್ಜೆ ಕೇಳಿದರೆ ಫೋನ್ ಇಟ್ಟುಬಿಡುತ್ತಿದ್ದಳು. ಒಂದು ದಿನ ಅವನು ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ನಿಂತ. ಕೆಳಗಿನಿಂದ ಆಕೆಯ ದನಿ ಮೆತ್ತಗೆ ಕೇಳಿತು. "ಹೂಂ... ಗೊತ್ತಾಯ್ತಲ್ಲ, ಅಷ್ಟು ಸಾಕು."

ದನಿಯಪ್ಪನ ಎದೆಯೊಳಗೆ ನೀರು ತುಂಬಿದ ಮಷೀನೊಂದು ನಿಂತಂತಾಯಿತು. ಯಾವನೋ ಒಬ್ಬ ತನ್ನ ಹೆಂಡತಿಗೆ ಏನೋ ಹೇಳುತ್ತಿದ್ದಾನೆ. ಮದುವೆಯಾದ ಮೇಲೆ ಇಷ್ಟು ಮೃದುವಾಗಿ ಆಕೆ ಇವನೊಡನೆ ಮಾತಾಡಿದ ನೆನಪಿಲ್ಲ. ಕೇಳೋಣವೆಂದರೆ ಗಂಟಲು ಕಂಪನಿಯದು, ಕೂಗಾಡುವಂತಿಲ್ಲ. ಹಾಸಿಗೆ ಬಡಿದ ಗೋಡೆಗಳ ನಡುವೆ ಕೂತು ಒಬ್ಬನೇ ಕುದಿದ. ಒಳಗಿನ ಸದ್ದು ಹೊರಗೆ ಹೋಗದಂತೆ ಅವನೇ ಕಟ್ಟಿದ ಕೋಣೆ ಅದು. ಬಹಳ ಚೆನ್ನಾಗಿ ಕಟ್ಟಿದ್ದ.

ಅಷ್ಟರಲ್ಲಿ ಅಧಿಕಾರಿಯ ಕರೆ ಬಂತು. ಕಚೇರಿಗೆ ಹೋದರೆ ಅವರು ಮೊದಲಿಗಿಂತ ಬಳಲಿದಂತಿದ್ದರು.

"ಮುಂದುವರಿಸೋಕೆ ಆಗಲ್ಲ ಸ್ವಾಮೀ. ಜನ ಕಾಯ್ತಾ ಇಲ್ಲ."

"ನನ್ನ ದನಿಗಾ?"

"ಕ್ಷಮೆ ಪೂರ್ತಿ ಕೇಳ್ತಾರೆ. 'ದಯವಿಟ್ಟು' ಅನ್ನೋಷ್ಟರಲ್ಲಿ ಫೋನ್ ಕುಕ್ತಾರೆ. ನಮ್ಮ ಲೆಕ್ಕದಲ್ಲಿ ಅದು ರೊಚ್ಚಿಗೆದ್ದ ಗಿರಾಕಿ. ನಿಜ ಹೇಳಬೇಕು ಅಂದ್ರೆ ಹಾಗೆ ಮಾಡ್ತಿರೋದು ಒಂದೇ ಮನೆಯವರು. ಆದ್ರೆ ಈ ಬಡಾವಣೆಯಿಂದ ಬರೋ ಕರೆಗಳಲ್ಲಿ ಅವರದ್ದೇ ಮುಕ್ಕಾಲು ಪಾಲು. ನಾವೇ ತಿರುಗಿ ಫೋನ್ ಮಾಡಿದ್ರೆ 'ಏನೂ ದೂರಿಲ್ಲ' ಅಂತಾರೆ. ದೂರಿಲ್ಲದ ಗಿರಾಕಿ ಅಂದ್ರೆ ನಮ್ಮ ದೊಡ್ಡವರಿಗೆ ಭಯ." ಅಧಿಕಾರಿ ಕಂಪ್ಯೂಟರಿನ ಪರದೆ ಇವನ ಕಡೆ ತಿರುಗಿಸಿದರು. "ಈ ನಂಬರು. ನಿಮಗೇನಾದರೂ ಪರಿಚಯವಾ?"

ಪರಿಚಯವಿತ್ತು. ಆ ನಂಬರನ್ನು ಇವನು ಮೊದಲ ಸಲ ಕಂಠಪಾಠ ಮಾಡಿದ್ದು ಮದುವೆಗೆ ಮೊದಲು.

ಮನೆಗೆ ನಡೆದೇ ಬಂದ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಟ್ಟುಕೊಂಡ. ಗಂಟಲು ಈಗ ಮತ್ತೆ ಸ್ವಂತದ್ದಾಗಿತ್ತು. ಹೆಂಡತಿ ಮೆಟ್ಟಿಲ ಕೆಳಗೇ ಇದ್ದಳು, ಕಿವಿಯಲ್ಲಿ ಫೋನ್.

"ಮತ್ತೆ ಕಂಪನಿಗೇ ಫೋನಾ?" ಎಂದು ಗುಡುಗಿದ.

ಆಕೆ ಈ ಸಲ ಫೋನ್ ಇಡಲಿಲ್ಲ. ಸ್ಪೀಕರ್ ಹಾಕಿ ಹೊಲಿಗೆ ಮಷೀನಿನ ಮೇಲಿಟ್ಟಳು. ಆ ಹಳೇ ಹೊದಿಕೆಯ ಮೇಲಿಂದ ದನಿಯಪ್ಪ ದನಿಯಪ್ಪನಿಗೇ ಹೇಳಿದ: "ನಿಮಗಾದ ನೋವು ನಮಗೆ ಅರ್ಥವಾಗುತ್ತದೆ. ತಪ್ಪು ನಮ್ಮದೇ..."

"ಮೊದಲ ಸಲ ಮಷೀನು ಕೆಟ್ಟಿದೆ ಅಂತ ಹೇಳೋಕೇ ಮಾಡಿದ್ದೆ," ಎಂದಳು. "ಇದು ಕೇಳಿದ ಮೇಲೆ ಯಾಕೆ ಮಾಡಿದೆ ಅನ್ನೋದೇ ಮರೆತುಹೋಯ್ತು. ಇಷ್ಟು ವರ್ಷದಲ್ಲಿ ನಿಮ್ಮ ಬಾಯಿಂದ ಈ ಮಾತು ಬಂದದ್ದುಂಟಾ?"

"ಕೇಳೋದು ಕೇಳಿದೆ. ನಡುವೆ ಯಾಕೆ ಇಟ್ಟುಬಿಡ್ತಿದ್ದೆ? ಪೂರ್ತಿ ಕೇಳಿದ್ದರೆ ನನ್ನ ಪಾಲುದಾರಿಕೆ ಉಳೀತಿತ್ತು!"

"ಆಮೇಲೆ ಕಾಯಿರಿ ಅಂತೀರಲ್ಲ, ಅದಕ್ಕೆ. ಕ್ಷಮೆ ನಂಗೆ ಹೊಸದು. ಕಾಯೋದು ಹಳೇದು."

"ಕಂಪನಿ ಬೇಡ ಅಂತು ಕಣೇ," ಎಂದ ಸಣ್ಣಗೆ.

"ನಿಮ್ಮ ಪಾಲುದಾರಳು ಇಲ್ಲಿ ಮೆಟ್ಟಿಲ ಕೆಳಗೆ ಕೂತು ಎಷ್ಟು ದಿನ ಆಯ್ತು, ಲೆಕ್ಕ ಇದೆಯಾ?" ಎಂದು ಆಕೆ ಎದ್ದು ಒದ್ದೆ ಬಟ್ಟೆ ಹರವಲು ಹೋದಳು.

ಮರುದಿನ ದನಿಯಪ್ಪ ಗೋಡೆಯ ಹಾಸಿಗೆಗಳನ್ನು ಕಿತ್ತ. ಕೆಂಪು ದೀಪ ಇಳಿಸಿದ. ಹೊಲಿಗೆ ಮಷೀನನ್ನು ಏದುಸಿರು ಬಿಡುತ್ತ ಒಳಗೆ ತಂದು, ಕಿಟಕಿಯ ಬೆಳಕು ಬೀಳುವ ಅದರ ಹಳೇ ಜಾಗದಲ್ಲಿ ಇಟ್ಟ. ಅದು ತುಕ್ಕು ಹಿಡಿದು ಕಿರುಗುಟ್ಟುತ್ತಿತ್ತು. ಹೆಂಡತಿ ಎಣ್ಣೆ ಬಿಟ್ಟಳು, ಸೂಜಿ ಬದಲಿಸಿದಳು, ಗಿರಾಕಿಗಳು ಯಾರೂ ಇಲ್ಲದ್ದರಿಂದ ಅವನದೇ ಹರಿದ ಅಂಗಿಯೊಂದನ್ನು ತಗೊಂಡು ಕೂತಳು.

ದನಿಯಪ್ಪ ಬಾಗಿಲಲ್ಲಿ ನಿಂತ. ಓದಲು ಕಾಗದವಿರಲಿಲ್ಲ, ಮೈಕೂ ಇರಲಿಲ್ಲ. ಲಿಫ್ಟಿನಲ್ಲಿ ಬಾಳುವವರಿಗೂ ಸಾಯುವವರಿಗೂ ಬುದ್ಧಿ ಹೇಳುವ ಕಂಠ ಕಪ್ಪೆಯಂತೆ ವಟಗುಟ್ಟಿತು.

"ತ... ತಪ್ಪು ನಂದೇ."

ಟಕಟಕ ನಿಂತಿತು. "ಏನಂದ್ರಿ?"

"ತಪ್ಪು ನಂದೇ ಅಂದೆ."

ಆಕೆ ದಾರವನ್ನು ಹಲ್ಲಿನಿಂದ ಕಡಿದು ತಲೆ ಓರೆಮಾಡಿ ಕೇಳಿಸಿಕೊಂಡಳು. "ಭಾವ ಸಾಲದು. ಇನ್ನೊಂದು ಸಲ."

ಇನ್ನೊಂದು ಸಲ ಹೇಳಿದ. ಮತ್ತೊಂದು ಸಲವೂ. ಕೊನೆಗೆ ದನಿ ನಡುವೆಯೇ ಒಡೆದುಹೋಯಿತು. ಯಾವ ಕಂಪನಿಯೂ ಕೊಳ್ಳದಂಥ ದನಿ ಅದು. ಹೆಂಡತಿ ಅಂಗಿಯನ್ನು ಸೂಜಿಯ ಕೆಳಗೆ ಸರಿಮಾಡಿಟ್ಟು, ಪೆಡಲು ತುಳಿಯುವ ಮುನ್ನ, ಅವನದೇ ಗಂಭೀರ ರಾಗದಲ್ಲಿ ಹೇಳಿದಳು:

"ನಿಮ್ಮ ಕ್ಷಮೆ ನಮಗೆ ತಲುಪಿದೆ. ದಯವಿಟ್ಟು ಕಾಯಿರಿ."

ದನಿಯಪ್ಪ ಹೋಗಿ ಮೆಟ್ಟಿಲ ಕೆಳಗೆ, ಮಷೀನು ಬಿಟ್ಟುಹೋದ ಜಾಗದಲ್ಲಿ, ಆ ಹಳೇ ಹೊದಿಕೆ ಹಾಸಿಕೊಂಡು ಕೂತ.