ಬಾಣಾವರ ಬರುವಷ್ಟರಲ್ಲಿ ಒಂದು ವಿಷಯ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಏಳನೇ ಕ್ಲಾಸಿನ ಕನ್ನಡ ಪರೀಕ್ಷೆಯ ಸೋಮವಾರ. ‘ಯಾವುದಾದರೂ ಒಂದು ವಿಷಯ ಆರಿಸಿಕೊಂಡು ಪ್ರಬಂಧ ಬರೆಯಿರಿ’ ಎಂದಿತ್ತು. ಆರಿಸಲಾಗದೆ ಎದ್ದು ಹೋದವನು ಮತ್ತೆ ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಹೋಟೆಲು, ಲಾರಿ, ಹೆಂಚಿನ ಫ್ಯಾಕ್ಟರಿ ಎಲ್ಲ ಸುತ್ತಿ, ನಡುವೆ ಎಲ್ಲೋ ಟೈಪಿಂಗ್ ಕಲಿತು, ತೊಂಬತ್ತರ ದಶಕದಲ್ಲಿ ಅರಸೀಕೆರೆಯ ಒಂದು ಟೈಪಿಂಗ್ ಅಂಗಡಿಯಲ್ಲಿ ಬಂದು ಕೂತೆ. ಓದು ಬೇಡ ಅಂತ ಓಡಿದವನನ್ನೇ ಹುಡುಕಿಕೊಂಡು ಬಂದು ಓದಿದವರು ತಲೆ ತಿನ್ನುವುದು ಅಲ್ಲಿಂದ ಶುರುವಾಯಿತು. ಇವತ್ತಿಗೂ ನಿಂತಿಲ್ಲ. ಆದರೆ ಹಳೇಬೀಡಿನ ಟೀಚರಮ್ಮ ತಿಂದಷ್ಟು ಇನ್ಯಾರೂ ತಿಂದಿಲ್ಲ.

೧. ತಾಲೂಕಿನಷ್ಟು ದೊಡ್ಡದು

ಟೀಚರಮ್ಮ ಹಳೇಬೀಡಿನ ಪಕ್ಕದ ಹುಲಿಕೆರೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ ಅಂಚೆ ಮೂಲಕ ಎಂ.ಎ. ಓದುತ್ತಿದ್ದರು. ಪರೀಕ್ಷೆಗಳೆಲ್ಲ ಪಾಸು. ಉಳಿದದ್ದು ಸಾಹಿತ್ಯ ವಿಮರ್ಶೆಯ ಒಂದೇ ಒಂದು ಸಂಶೋಧನಾ ಪ್ರಬಂಧ. ಯಾವ ವಿಷಯದ ಮೇಲೆ ಅಂತ ಮೊದಲು ಅದಕ್ಕೆ ಮಾರ್ಗದರ್ಶಕರಾಗಿದ್ದ ಮೇಷ್ಟ್ರ ಸಹಿ ಆಗಬೇಕು. ವಿಷಯ ಸಿಗದೆ ಎರಡು ವರ್ಷ ಹೋಗಿತ್ತು. ಈ ಶನಿವಾರದೊಳಗೆ ಸಹಿ ಬೀಳದಿದ್ದರೆ ಹೆಸರೇ ರದ್ದು, ಓದಿದ್ದೆಲ್ಲ ನೀರಿಗೆ.

ಮೇಷ್ಟ್ರು ಸಿಗುತ್ತಿದ್ದದ್ದು ರೈಲಿನಲ್ಲಿ ಮಾತ್ರ. ಮನೆಗೆ ವಿದ್ಯಾರ್ಥಿಗಳು ಬಂದರೆ ಅವರ ಹೆಂಡತಿಗೆ ಆಗದು. ಹಾಗಾಗಿ ಬಾಣಾವರದ ಕಾಲೇಜಿಗೆ ಹೋಗುವ ಅವರು ಬೆಳಗಿನ ಪ್ಯಾಸೆಂಜರನ್ನು ಅರಸೀಕೆರೆಯಲ್ಲಿ ಹತ್ತಿ ಬಾಣಾವರದಲ್ಲಿ ಇಳಿಯುವಷ್ಟರಲ್ಲಿ ಯಾರೇ ಆಗಲಿ ಕೇಳಿ ಮುಗಿಸಬೇಕು. ಜೊತೆಗೆ ಇನ್ನೊಂದು ನಿಯಮ, ಕೈಬರಹ ಮುಟ್ಟುವುದಿಲ್ಲ, ಟೈಪ್ ಆಗಿರಬೇಕು.

ಮಂಗಳವಾರ ಟೀಚರಮ್ಮ ‘ಕನ್ನಡ ಕಾದಂಬರಿಗಳಲ್ಲಿ ಮಹಿಳೆ’ ಅಂತ ಟೈಪ್ ಮಾಡಿಸಿಕೊಂಡು ಹೋದರು. ಮಧ್ಯಾಹ್ನ ಸಪ್ಪೆ ಮುಖ ಹೊತ್ತು ಬಂದರು.

“ಏನಂದ್ರು?”

“ಇದು ವಿಷಯ ಅಲ್ಲಮ್ಮ, ತಾಲೂಕು. ನಿಮಗೆ ಬೇಕಾದ್ದು ಒಂದು ಸೈಟು ಅಂದ್ರು.”

೨. ಸಲಹೆಗಾರರು

ಅಂಗಡಿಗೆ ಬಂದವರೆಲ್ಲ ಸೈಟು ಹುಡುಕಲು ಕೂತರು. ಹಳೇಬೀಡಿನ ಕಡೆಯವರು ಅಂತ ಗೊತ್ತಾದ ಕೂಡಲೇ ಎಲ್ಲರದೂ ಒಂದೇ ಮಾತು, “ಶಿಲ್ಪಕಲೆ ಬರೀರಿ ಟೀಚರೇ!” ಟೀ ತಂದವನೂ ಅದನ್ನೇ ಅಂದ. ನಮ್ಮ ಯಜಮಾನರು ಒಂದು ಹೆಜ್ಜೆ ಮುಂದೆ ಹೋಗಿ, “ಬೇಲೂರಿನದೂ ಸೇರಿಸ್ಕಳಿ, ಪುಟ ತುಂಬ್ತದೆ” ಅಂದರು.

ಬುಧವಾರ ಟೀಚರಮ್ಮನ ಗಂಡನೇ ಬಂದರು. ಬೇಲೂರಿನ ಯಾವುದೋ ಆಫೀಸಿನಲ್ಲಿ ಗುಮಾಸ್ತರು. ಹೆಂಡತಿಯ ಓದು ಮುಗಿಯಲಿ ಅಂತ ಅವರಿಗೇ ಹೆಚ್ಚು ಆತುರ. ಅವರೂ ಶಿಲ್ಪಕಲೆ ಅಂದಾಗ ನನಗೆ ರೇಗಿತು. “ಸ್ವಾಮಿ, ಸಾಹಿತ್ಯದ ಪ್ರಬಂಧಕ್ಕೆ ಕಲ್ಲು ಯಾಕ್ರೀ?”

“ಕಲ್ಲಾದ್ರೆ ಹೋಗಿ ನೋಡ್ಕಂಡು ಬರಬಹುದು ಕಣಯ್ಯಾ. ಪುಸ್ತಕ ಆದ್ರೆ ಓದ್ಬೇಕಲ್ಲ!”

೩. ಕಾಗೆ

ಗುರುವಾರ ಟೀಚರಮ್ಮ ಸಣ್ಣದು ತಂದರು. ಅದೂ ಎಷ್ಟು ಸಣ್ಣದು! ಒಂದು ಪದ್ಯದಲ್ಲಿ ಒಂದೇ ಸಲ ಬಂದು ಹೋಗುವ ಒಂದು ಕಾಗೆ. ಟೈಪ್ ಮಾಡುವಾಗಲೇ ನನಗೆ ಅನುಮಾನ. ಆದರೆ ಏಳನೇ ಕ್ಲಾಸಿನವನು ಎಂ.ಎ. ಓದುವವರಿಗೆ ಏನು ಹೇಳಲಿ?

ರೈಲಿನಲ್ಲಿ ಮೇಷ್ಟ್ರು ಕಿಟಕಿಯಾಚೆ ನೋಡುತ್ತಾ ಕೇಳಿದರಂತೆ, “ನೂರು ಪುಟ ಆಗ್ಬೇಕಮ್ಮ. ಒಂದು ಕಾಗೆ ಬಗ್ಗೆ ಏನು ಬರೀತೀರಿ?”

ಟೀಚರಮ್ಮ ಗಾಬರಿಯಲ್ಲಿ, “ಸರ್, ಎರಡು ಕಾಗೆ ಮಾಡ್ಲಾ?” ಅಂದರಂತೆ.

೪. ಸೀಯದ ಅನ್ನ

ಶುಕ್ರವಾರ ಸಂಜೆ ಟೀಚರಮ್ಮ ಬಂದು ಖಾಲಿ ಹಾಳೆ ಮುಂದಿಟ್ಟುಕೊಂಡು ಕೂತರು. ಹಳೇಬೀಡಿನ ಬಸ್ಸಿಗೆ ಅರ್ಧ ಗಂಟೆ ಇತ್ತು. ಅವರ ಕಣ್ಣು ತುಂಬಿತ್ತು, ನನ್ನ ತಾಳ್ಮೆ ಮುಗಿದಿತ್ತು.

“ಮೇಡಂ, ಯಾವ ವಿಷಯ ಚೆನ್ನಾಗಿರ್ತದೆ ಅನ್ನೋದು ಬಿಡಿ. ಕಾದಂಬರಿ ಓದುವಾಗ ನಿಮಗೆ ಮೈ ಉರಿಯೋದು ಯಾವಾಗ? ಅದು ಹೇಳಿ!”

ಅವರು ಯೋಚಿಸಲೇ ಇಲ್ಲ. “ಎಲ್ಲಾ ಕಾದಂಬರಿಯಲ್ಲೂ ಹೆಂಗಸರು ಅಳೋಕೆ ಅಡುಗೆಮನೆಗೇ ಹೋಗ್ತಾರೆ ಕಣ್ರೀ. ಸೆರಗು ಬಾಯಿಗಿಟ್ಕೊಂಡು ಪುಟಗಟ್ಟಲೆ ಅಳ್ತಾರೆ. ಒಲೆ ಮೇಲೆ ಅನ್ನ ಇರ್ತದೆ. ಒಂದು ಸಲನೂ ಸೀಯಲ್ಲ! ಬರೆದೋರು ಯಾರಾದ್ರೂ ಒಂದು ದಿನ ಅನ್ನ ಮಾಡಿದ್ದಾರಾ?”

ನಾನು ಹಾಳೆ ಏರಿಸಿ ಟೈಪ್ ಮಾಡಿಯೇ ಬಿಟ್ಟೆ. ‘ಆಯ್ದ ಐದು ಕಾದಂಬರಿಗಳಲ್ಲಿ ಅಡುಗೆಮನೆಯ ಅಳು’.

“ಇದೆಲ್ಲ ವಿಷಯ ಆಗ್ತದಾ?” ಅಂದರು.

“ಕಾಗೆ ಆಗ್ತದೆ ಅಂದ್ಕಂಡಿದ್ರಿ, ಇದು ಆಗಲ್ವಾ?”

೫. ಶನಿವಾರದ ಪ್ಯಾಸೆಂಜರ್

ಮೇಷ್ಟ್ರು ಒಂದು ಪದ ಬದಲಿಸಿ ಅಂದರೆ ಮತ್ತೆ ಅರಸೀಕೆರೆಗೆ ಬಂದು ಟೈಪ್ ಮಾಡಿಸಲು ಹೊತ್ತಿರಲಿಲ್ಲ. ಆದ್ದರಿಂದ ಹೊಲಿಗೆ ಮಿಷನ್ನಿನಷ್ಟು ಭಾರದ ಟೈಪ್‌ರೈಟರನ್ನು ನಾನೇ ರೈಲಿಗೆ ಹೊತ್ತೆ. ತೊಡೆಯ ಮೇಲಿಟ್ಟುಕೊಂಡು ಮೇಷ್ಟ್ರ ಎದುರು ಕೂತೆ. ಪಕ್ಕದ ರೈತರೊಬ್ಬರು, “ಏನ್ಲಾ, ಇಲ್ಲೇ ಪತ್ರ ರಿಜಿಸ್ಟ್ರಿ ಮಾಡ್ತಾರಾ?” ಅಂದರು.

ಮೇಷ್ಟ್ರು ಓದಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು. ಟೀಚರಮ್ಮ ಕಿಟಕಿ ಸರಳು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ರೈಲು ಬಾಣಾವರದ ಸಿಗ್ನಲ್ ದಾಟಿತು. ಕೊನೆಗೆ ಮೇಷ್ಟ್ರು ಬಾಯಿ ಬಿಟ್ಟರು.

“ಮೂವತ್ತು ವರ್ಷದಿಂದ ಪಾಠ ಮಾಡ್ತಿದೀನಿ. ಅನ್ನ ಏನಾಯ್ತು ಅಂತ ಒಂದಿನ ಕೇಳಲಿಲ್ಲ ನೋಡಿ.”

ಸಹಿ ಬಿತ್ತು. ಮೇಷ್ಟ್ರು ಇಳಿದು ಪ್ಲಾಟ್‌ಫಾರಂನಿಂದ ಕೂಗಿದರು, “ಆದ್ರೆ ಆಧಾರ ಬೇಕಮ್ಮ! ಸೀಯುತ್ತೆ ಅಂತ ಬರೀ ಬಾಯಲ್ಲಿ ಹೇಳಿದ್ರೆ ನಡೆಯಲ್ಲ!”

ಟೀಚರಮ್ಮ ಅಲ್ಲೇ ಇಳಿದು, ಜಾವಗಲ್ ಕಡೆಯ ಬಸ್ಸು ಹಿಡಿದು ನಗುನಗುತ್ತಾ ಊರಿಗೆ ಹೋದರು. ನಾನು ಟೈಪ್‌ರೈಟರ್ ಹೊತ್ತು ವಾಪಸಾದೆ. ಕಥೆ ಮುಗಿಯಿತು ಅಂದುಕೊಂಡೆ.

ಮುಂದಿನ ವಾರ ಅವರ ಗಂಡ ಬಂದರು. ಕೈಯಲ್ಲಿ ಊಟದ ಕ್ಯಾರಿಯರ್.

“ವಿಷಯ ಕೊಟ್ಟೋನು ನೀನೇನಾ?”

“ಯಾಕ್ ಸ್ವಾಮಿ, ಏನಾಯ್ತು?”

“ಒಲೆ ಮೇಲೆ ಅನ್ನ ಇಟ್ಟು, ಅಳೋ ಭಾಗ ಗಟ್ಟಿಯಾಗಿ ಓದ್ತಾಳೆ ಕಣಯ್ಯಾ. ಓದಿ ಮುಗಿಯೋ ತನಕ ಸೌಟು ಮುಟ್ಟಂಗಿಲ್ಲ. ಮೊದಲನೇ ಕಾದಂಬರೀಲಿ ಅಳು ಹನ್ನೊಂದು ಪುಟ. ಏಳನೇ ಪುಟಕ್ಕೇ ತಳ ಹಿಡೀತು.” ಕ್ಯಾರಿಯರ್ ಮುಚ್ಚಳ ತೆಗೆದರು. ಇಡೀ ಅಂಗಡಿಗೆ ಸೀದ ವಾಸನೆ. “ಪ್ರತಿ ಸಲ ನಾನೊಬ್ಬನೇ ಯಾಕೆ ಉಣ್ಣಲಿ? ಇನ್ನೂ ನಾಲ್ಕು ಕಾದಂಬರಿ ಐತೆ. ವಾರ ವಾರ ಬಸ್ಸಲ್ಲಿ ನಿನ್ನ ಪಾಲು ಕಳಿಸ್ತೀನಿ.”

ನಾನು ಅಂಗಡಿ ಹಿಂದಿನ ನನ್ನ ಕೋಣೆಗೆ ಹೋಗಿ ಎರಡು ಅಂಗಿ, ಒಂದು ಪಂಚೆ ಚೀಲಕ್ಕೆ ತುರುಕತೊಡಗಿದೆ. ಹಿಂದಿನಿಂದ ಅವರ ದನಿ ಇನ್ನೂ ಬರುತ್ತಲೇ ಇತ್ತು.

“ಕೊನೇದು ಇನ್ನೂ ಗೋಳು ಕಣಯ್ಯಾ. ಅತ್ತೆ, ಸೊಸೆ, ನಾದಿನಿ ಮೂರೂ ಜನ ಒಟ್ಟಿಗೇ ಅಳ್ತಾರಂತೆ!”